ಏಕವೀರನೂ ಸಮೂಹವೂ

ಒಬ್ಬನ ಅಸಾಧಾರಣವಾದ ಶಕ್ತಿಯನ್ನು ನಂಬಿ ಕಾರ್ಯಕ್ಕೆ ಇಳಿಯುವುದು ಮೇಲೋ, ನಾನಾ ಬಗೆಯ ಸಾಧಾರಣ ಶಕ್ತಿಗಳನ್ನು ಹದವರಿತು ಕೂಡಿಸಿಕೊಂಡು ಇಳಿಯುವುದು ಮೇಲೋ ಎಂಬ ಪ್ರಶ್ನೆ ರಾಜನೀತಿಯಷ್ಟೇ ಹಳೆಯದು. ಇಂದು ಇದನ್ನು ಮನೆಯ ಮಕ್ಕಳೇ ಕೇಳುತ್ತಿದ್ದಾರೆ. ಕಂಪ್ಯೂಟರಿನ ತೆರೆಯ ಮೇಲೆ ಅವರು ಆಡುವ ಯುದ್ಧತಂತ್ರದ ಆಟಗಳಲ್ಲಿ ದೊರೆತ ಬಲವನ್ನೆಲ್ಲ ಒಬ್ಬ ವೀರನಿಗೇ ಧಾರೆಯೆರೆದು ಅವನೊಬ್ಬನನ್ನೇ ಮುಂದಕ್ಕೆ ಬಿಡಬಹುದು. ಇಲ್ಲವೆ ಕತ್ತಿಯವನು, ಬಿಲ್ಲಿನವನು, ಗಾಯ ಮಾಯಿಸುವವನು ಎಂದು ನಾಲ್ಕಾರು ಮಂದಿಯನ್ನು ಜೊತೆಯಾಗಿ ಬೆಳೆಸಿಕೊಂಡು ಹೋಗಬಹುದು. ಯಾವುದು ಸರಿಯೆಂದು ಹುಡುಗರು ವಾದಿಸುವಾಗ ಹಿರಿಯರು ಅದನ್ನು ಹುಡುಗಾಟವೆಂದು ತಳ್ಳಿಬಿಡುವುದುಂಟು. ಆದರೆ ಆಟದಲ್ಲಿ ರೂಢಿಯಾದ ನಡೆ ಬಾಳಿನಲ್ಲಿಯೂ ಉಳಿದುಕೊಳ್ಳುವುದರಿಂದ ಇದು ವಿಚಾರಯೋಗ್ಯವಾದ ವಿಷಯವೇ ಸರಿ.

ನರಸಾಪುರದ ಸೀಮೆಗೆ ಇಂತಹ ಆಟ ಹೊಸದಲ್ಲ. ಕನ್ನಡದ ಮನೆಗಳಲ್ಲಿ ಹುಲಿ-ಕುರಿಯೆಂದೂ, ತೆಲುಗಿನ ಮನೆಗಳಲ್ಲಿ ಪುಲಿ-ಮೇಕೆಯೆಂದೂ ಕರೆಯುವ ಆಟಕ್ಕೆ ಜಗುಲಿಯ ಕಲ್ಲಿನ ಮೇಲೆ ಇದ್ದಿಲಿನಿಂದ ಎಳೆದ ನಾಲ್ಕು ಗೆರೆಗಳೂ, ಹಿಡಿ ಹುಣಿಸೆಯ ಬೀಜವೂ ಸಾಕು. ದೇವಾಲಯಗಳ ಹಾಸುಗಲ್ಲುಗಳ ಮೇಲೆ ಕೊರೆದ ಇಂತಹ ಮಣೆಗಳು ದಕ್ಷಿಣದೇಶದ ಹಲವು ಕಡೆ ಇಂದಿಗೂ ಕಾಣುತ್ತವೆ. ಬಹುಪ್ರಚಾರದಲ್ಲಿರುವ ಒಂದು ರೂಪದಲ್ಲಿ 23 ಮನೆಗಳು, 3 ಹುಲಿಗಳು, 15 ಕುರಿಗಳು. ಹುಲಿಯು ಪಕ್ಕದ ಕುರಿಯನ್ನು ಹಾರಿ ಅದರಾಚೆಯ ಬರಿಯ ಮನೆಯಲ್ಲಿ ಇಳಿದರೆ ಕುರಿ ಸತ್ತಂತೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಹುಲಿ ಅಲುಗದಂತೆ ದಾರಿ ಕಟ್ಟುವುದೊಂದೇ ಅದರ ಬಲ.

ಈ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ಕುರಿಯ ಪ್ರಾಣ ಕುರಿಯಲ್ಲಿಲ್ಲ, ಅದರ ಬೆನ್ನ ಹಿಂದಿನ ಮನೆಯಲ್ಲಿದೆ. ಆ ಮನೆ ಬರಿದಾಗಿದ್ದರೆ ಅದು ಆಹಾರ. ಅಲ್ಲಿ ಇನ್ನೊಂದು ಕುರಿ ನಿಂತಿದ್ದರೆ ಅದೇ ಗೋಡೆ. ಎರಡೂ ಸಂದರ್ಭಗಳಲ್ಲಿ ಮುಂದಿನ ಕುರಿ ಒಂದೇ. ಅದರ ಗುಣವಾಗಲಿ ಧೈರ್ಯವಾಗಲಿ ಬದಲಾಗಲಿಲ್ಲ. ಹುಲಿಗಳಿಗಾದರೂ ಇದೇ ನ್ಯಾಯ. ಮೂರೂ ಒಂದೊಂದು ಮೂಲೆಗೆ ಬೇಟೆಯಾಡಲು ಹೋದರೆ ಒಂದೊಂದಾಗಿಯೇ ಸೆರೆಯಾಗುತ್ತವೆ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ‘ದುರ್ಬಲರಿಗೆ ಸಂಘ ಬೇಕು, ನಿಜ. ಆದರೆ ಲೋಕದ ಮಹತ್ಕಾರ್ಯಗಳೆಲ್ಲ ಒಬ್ಬೊಬ್ಬರಿಂದಲೇ ಆದವಲ್ಲವೆ?’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ಶ್ರೀತತ್ತ್ವನಿಧಿಯ ಒಂದು ಭಾಗವೇ ಆಟಗಳಿಗೆ ಮೀಸಲು. ಚದುರಂಗದ ಕುದುರೆಯೊಂದನ್ನೇ 64 ಮನೆಗಳಲ್ಲಿಯೂ, ಹೊಕ್ಕ ಮನೆಯನ್ನು ಮತ್ತೆ ಹೊಗದಂತೆ ನಡೆಸುವ ಕೌತುಕದಲ್ಲಿ ಅವರು ನಿಪುಣರಾಗಿದ್ದರು. ಅಲ್ಲಿ ಆನೆಯೂ ಬೇಡ, ಕಾಲಾಳೂ ಬೇಡ. ಇನ್ನೊಂದು ಕಾಯಿ ಇದ್ದರೆ ಅದೇ ಅಡ್ಡಿ. ಆದರೆ ಅಲ್ಲಿ ಎದುರಾಳಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಅಧ್ಯಯನ, ಧ್ಯಾನ, ಕಲೆ ಮೊದಲಾದುವು ಈ ಜಾತಿಯವು. ಅಲ್ಲಿ ಒಂಟಿತನ ದೋಷವಲ್ಲ, ಸಾಧನವೇ ಆಗಿದೆ.

ಎದುರಾಳಿ ಬಂದೊಡನೆ ನ್ಯಾಯ ಬದಲಾಗುತ್ತದೆ. ಚದುರಂಗದಲ್ಲಿ ಮಂತ್ರಿಗಿಂತ ಬಲವಾದ ಕಾಯಿಯಿಲ್ಲ. ಆದರೂ ಕಾಯಿಗಳೆಲ್ಲ ಹೋಗಿ ಬರಿದಾದ ಮಣೆಯಲ್ಲಿ ಅದೊಂದೇ ಎದುರಾಳಿಯ ರಾಜನನ್ನು ಕಟ್ಟಲಾರದು. ಒಂದೊಂದೇ ಮನೆ ನಡೆಯುವ ತನ್ನ ರಾಜನು ಮೆಲ್ಲಗೆ ಹತ್ತಿರ ಬಂದು ನಿಂತ ಮೇಲೆಯೇ ಆಟ ಮುಗಿಯುತ್ತದೆ. ಸಮತೋಲವೆಂದರೆ ಎಲ್ಲರೂ ಸಮಾನರೆಂದಲ್ಲ. ಸಾಂಖ್ಯರು ಗುಣತ್ರಯಕ್ಕೆ ಹೇಳುವ ದೀಪದ ದೃಷ್ಟಾಂತದಲ್ಲಿ ಎಣ್ಣೆ, ಬತ್ತಿ, ಉರಿಗಳು ಪರಸ್ಪರ ವಿರುದ್ಧಸ್ವಭಾವದವು. ಬೆಳಕಿನ ವಿಷಯದಲ್ಲಿ ಮಾತ್ರ ಅವು ಒಂದು.

ಹಾಗಾದರೆ ಸಮೂಹವೆಂಬುದೇ ಧರ್ಮವೋ? ಅದೂ ಅಲ್ಲ. ಭಾರತಯುದ್ಧದ 13ನೆಯ ದಿನವನ್ನು ನೆನೆಯಬೇಕು. ವ್ಯೂಹವನ್ನು ಹೊಗಬಲ್ಲೆ, ಹೊರಬರಲು ಅರಿಯೆ ಎಂದು ಬಾಲಕನಾದ ಅಭಿಮನ್ಯು ಮೊದಲೇ ಹೇಳಿದ್ದನು. ಹಿಂದೆಯೇ ಬರುವೆವೆಂದು ಹಿರಿಯರು ಮಾತು ಕೊಟ್ಟರು. ಸೈಂಧವನು ಅವರನ್ನು ಬಾಗಿಲಲ್ಲಿಯೇ ತಡೆದನು. ಒಳಗೆ ಹಲವು ಮಹಾರಥರು ಕೂಡಿ ಆ ಒಬ್ಬನನ್ನು ನಿರಾಯುಧನನ್ನಾಗಿ ಮಾಡಿದರು. ಅವರೂ ಒಂದು ಸಮೂಹವೇ, ಒಬ್ಬೊಬ್ಬರ ವಿದ್ಯೆಯೂ ಬೇರೆಬೇರೆಯೇ. ಆದರೂ ಅವರ ಕೂಟಕ್ಕೆ ಯಾರೂ ಧರ್ಮವೆಂದು ಹೆಸರಿಡಲಿಲ್ಲ. ಇತ್ತ ಅಭಿಮನ್ಯುವನ್ನು ಏಕವೀರನೆಂದು ಹೊಗಳುವವರು ಒಂದನ್ನು ಮರೆಯುತ್ತಾರೆ. ಅವನು ಒಂಟಿಯಾಗಬೇಕೆಂದು ಹೊರಟವನಲ್ಲ, ಹಿಂದಿನ ಮನೆ ಬರಿದಾದ್ದರಿಂದ ಒಂಟಿಯಾದವನು. ಧರ್ಮರಾಯನ ಅಂದಿನ ಶೋಕದಲ್ಲಿ ಪುತ್ರವಿಯೋಗದ ಜೊತೆಗೆ ಈ ಅರಿವೂ ಸೇರಿತ್ತು.

ಕೋಲಾರ ಜಿಲ್ಲೆಗೆ ಈ ಪಾಠವನ್ನು ನೆಲವೇ ಕಲಿಸಿದೆ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಹಿರಿಯರು ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುವುದು. ಮುಂದೆ ಕೊಳವೆಬಾವಿ ಬಂದಿತು. ಒಬ್ಬೊಬ್ಬನೂ ತನ್ನ ಹೊಲದಲ್ಲಿ ತಾನೇ ಭಗೀರಥನಾಗಲೆಳಸಿದನು. ಅಂತರ್ಜಲ ಇಳಿದಂತೆ ಬಾವಿಗಳು 1000 ಅಡಿಯನ್ನೂ ಮೀರಿ ಇಳಿದುವು. ಒಬ್ಬನ ಬಾವಿ ಆಳವಾದಂತೆ ನೆರೆಯವನ ಬಾವಿ ಒಣಗಿತು. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಈ ಜಿಲ್ಲೆಗೆ ಬರತೊಡಗಿದಾಗ, ಅದು ಕೆರೆಯಿಂದ ಕೆರೆಗೆ ಸಾಗಿದ್ದು ಹಿರಿಯರ ಆ ಸರಣಿಯನ್ನೇ ಹಿಡಿದು.

ಈಗ ಪ್ರಶ್ನೆಯನ್ನು ಮನೆಯೊಳಕ್ಕೆ ತರಬಹುದು. ಎಷ್ಟೋ ವಿದ್ಯಾವಂತ ಕುಟುಂಬಗಳಲ್ಲಿ ಚುರುಕಾದ ಒಬ್ಬ ಮಗನನ್ನು ಆರಿಸಿಕೊಂಡು, ಮನೆಯ ಹಣವನ್ನೂ ಆಸೆಯನ್ನೂ ಅವನೊಬ್ಬನ ಮೇಲೆಯೇ ಸುರಿಯುವುದುಂಟು. ತಂಗಿಯ ಓದು ಅರ್ಧಕ್ಕೆ ನಿಲ್ಲುತ್ತದೆ. ತಮ್ಮನ ಕೈಗೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇದರಿಂದ ಉಳಿದ ಮಕ್ಕಳಿಗೆ ಅನ್ಯಾಯವಾಯಿತೆಂದು ಎಲ್ಲರೂ ಬಲ್ಲರು. ಆರಿಸಲ್ಪಟ್ಟ ಮಗನಿಗಾದ ಅನ್ಯಾಯವನ್ನು ಬಲ್ಲವರು ಕಡಮೆ. ಅವನು ಗೆಲ್ಲುತ್ತಿರುವವರೆಗೆ ವೀರ. ಒಮ್ಮೆ ಕಾಲು ಜಾರಿದರೆ ಹಿಡಿಯುವ ಕೈ ಆ ಮನೆಯಲ್ಲಿ ಉಳಿದಿರುವುದಿಲ್ಲ, ಏಕೆಂದರೆ ಆ ಕೈಗಳನ್ನು ಬೆಳೆಯಗೊಡಲೇ ಇಲ್ಲ.

ಆದಕಾರಣ ಏಕವೀರನನ್ನು ಹಳಿಯುವುದಾಗಲಿ ಸಮೂಹವನ್ನು ಹೊಗಳುವುದಾಗಲಿ ಸಿದ್ಧಾಂತವಾಗಲಾರದು. ಮುಂದೆ ಹೋಗಬಲ್ಲವನು ಮುಂದೆ ಹೋಗಲಿ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತರೆ ಹುಲಿ ಎಂದಿಗೂ ಕಟ್ಟುಬೀಳದು. ಆದರೆ ಅವನನ್ನು ಮುಂದೆ ಕಳುಹಿಸುವವರು ಅವನ ಭುಜಬಲವನ್ನು ಅಳೆಯುವುದಕ್ಕೆ ಮೊದಲು ಬೆನ್ನ ಹಿಂದಿನ ಮನೆಯನ್ನು ನೋಡಬೇಕು. ಅದು ಬರಿದಾಗಿದ್ದರೆ ತಾವು ಹೋಗಿ ಅಲ್ಲಿ ನಿಲ್ಲಬೇಕು. ಜಗುಲಿಯ ಕಲ್ಲಿನ ಮೇಲೆ ಹುಣಿಸೆಯ ಬೀಜವಿಟ್ಟು ಆಡುವ ಮಗುವಿಗೂ ತಿಳಿದಿರುವ ನಿಯಮವಿದು. ಬೆಳೆದವರು ಇದನ್ನು ಮರೆಯದಿರುವುದೇ ಕಷ್ಟ.