ಸೇರು ನುಡಿಯದು, ಕೈ ನುಡಿಯುತ್ತದೆ

ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆ ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವಾಗ ಅಟ್ಟದ ಸಾಮಾನುಗಳು ಕೆಳಗಿಳಿಯುತ್ತವೆ. ಬೀಸುವ ಕಲ್ಲು, ಪಾನ್‌ದಾನ್, ಧಾನ್ಯ ಅಳೆಯುವ ಸೇರು. ಕೆಲವರು ಅವನ್ನು ಗುಜರಿಗೆ ಹಾಕುತ್ತಾರೆ. ಕೆಲವರು ಹಿರಿಯರ ಬರಕತ್ ಅವುಗಳಲ್ಲೇ ಇದೆಯೆಂದು ಬಟ್ಟೆ ಸುತ್ತಿ ಇಡುತ್ತಾರೆ. ಹಾಗಾದರೆ ಒಂದು ವಸ್ತುವಿನ ಬೆಲೆ ಇರುವುದಾದರೂ ಎಲ್ಲಿ?

ಚಿತ್ರದುರ್ಗ ಜಿಲ್ಲೆಯವರಾದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ (1922-2000) ಇದಕ್ಕೊಂದು ದಾರಿ ತೋರಿಸಿದ್ದಾರೆ. ಕುಂಚ ಹಿಡಿದ ಅವರು ಹಳ್ಳಿಗಳಿಂದ ಬೇಸಾಯದ ಉಪಕರಣ, ಮನೆಬಳಕೆಯ ಪಾತ್ರೆಗಳಂತಹ ವಸ್ತುಗಳನ್ನೂ ಸಂಗ್ರಹಿಸಿದರು. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಜೀಶಂಪ ಅವರೊಂದಿಗೆ ದುಡಿದರು. ವಸ್ತುವನ್ನು ಚಿತ್ರಿಸುವವನು ಅದರ ಸವೆದ ಅಂಚನ್ನೂ ನೋಡಲೇಬೇಕು. ಆ ಸವೆತವೇ ಅದನ್ನು ಹಿಡಿದ ಕೈಗಳ ದುಡಿಮೆಯ ಗುರುತು. ಅಂದರೆ ವಸ್ತುವಿನ ಅರ್ಥ ಮರದಲ್ಲಾಗಲಿ ಹಿತ್ತಾಳೆಯಲ್ಲಾಗಲಿ ಇಲ್ಲ, ಅದನ್ನು ಬಳಸಿದವರ ನಡೆಯಲ್ಲಿದೆ.

ಸತ್ಯವಿಶ್ವಾಸಿಗೆ ಇದು ಹೊಸ ಮಾತಲ್ಲ. ಹಝ್ರತ್ ಉಮರ್(ರ) ಹಜರುಲ್ ಅಸ್ವದ್‌ಗೆ ಮುತ್ತಿಡುವಾಗ, ಅದು ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡಲಾರದ ಕಲ್ಲೆಂದು ಸ್ಪಷ್ಟವಾಗಿ ಹೇಳಿದರು. ಪ್ರವಾದಿವರ್ಯರು(ಸ) ಮುತ್ತಿಟ್ಟುದನ್ನು ಕಂಡಿದ್ದರಿಂದಲೇ ತಾವೂ ಮುತ್ತಿಟ್ಟರು. ಅಲ್ಲಿ ಗೌರವವಿದೆ, ಆದರೆ ಕಲ್ಲಿಗೆ ಶಕ್ತಿಯನ್ನು ಆರೋಪಿಸುವ ಭ್ರಮೆಯಿಲ್ಲ.

ಈಗ ಸೇರಿನ ಮಾತಿಗೆ ಬರೋಣ. 1956ರ ಅಳತೆ-ತೂಕಗಳ ಕಾಯಿದೆಯ ಬಳಿಕ ಕಿಲೋ, ಲೀಟರುಗಳು ಬಂದು ಸೇರು ಕ್ರಮೇಣ ಅಟ್ಟ ಸೇರಿತು. ಅಜ್ಜ ಅದರಲ್ಲಿ ತುಂಬಿ ಅಳೆದು ಕೊಟ್ಟಿದ್ದರೆಂದು ಮೊಮ್ಮಗ ಅದನ್ನು ಷೋಕೇಸಿನಲ್ಲಿಟ್ಟು ಬಂದವರಿಗೆ ಹೆಮ್ಮೆಯಿಂದ ತೋರಿಸಬಹುದು. ಆದರೆ ಅದೇ ಮೊಮ್ಮಗ ಯಶವಂತಪುರದ ಮಂಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಟ್ಟು ತೂಕದಲ್ಲಿ ಮೋಸ ಮಾಡಿದರೆ? ಆಗ ಷೋಕೇಸಿನ ಸೇರು ಮನೆಯ ಅಲಂಕಾರವಲ್ಲ, ಅವನ ವಿರುದ್ಧದ ಆರೋಪಪಟ್ಟಿ. ತಮಗೆ ತುಂಬಿ ಅಳೆಸಿಕೊಂಡು ಪರರಿಗೆ ಕಡಿಮೆ ಕೊಡುವವರಿಗೆ ಪವಿತ್ರ ಕುರ್‌ಆನಿನ ಮುತಫ್ಫಿಫೀನ್ ಅಧ್ಯಾಯ ನಾಶದ ಎಚ್ಚರಿಕೆ ನೀಡಿದೆ.

ಹಿರಿಯರ ವಸ್ತುಗಳನ್ನು ಜೋಪಾನ ಮಾಡುವುದು ತಪ್ಪಲ್ಲ. ಅದು ಮುಂದಿನ ಪೀಳಿಗೆಯ ಅಮಾನತ್. ಮಕ್ಕಳ ಕೈಗೆ ಸೇರನ್ನು ಕೊಡಿ, ಅದರ ಕಥೆಯನ್ನೂ ಹೇಳಿ. ಆದರೆ ಅಜ್ಜನ ಪ್ರಾಮಾಣಿಕತೆಯನ್ನು ಆಸ್ತಿಯಂತೆ ಪಾಲಿಗೆ ಪಡೆಯಲಾಗದು, ಪ್ರತಿಯೊಬ್ಬನೂ ಸ್ವತಃ ಗಳಿಸಬೇಕು ಎಂಬುದನ್ನೂ ಕಲಿಸಿ. ಅಂತ್ಯದಿನದಂದು ಬಾಯಿಗೆ ಮುದ್ರೆ ಬೀಳುವುದೆಂದೂ ಕೈಕಾಲುಗಳೇ ಸಾಕ್ಷಿ ನುಡಿಯುವುವೆಂದೂ ಯಾಸೀನ್ ಅಧ್ಯಾಯ ತಿಳಿಸುತ್ತದೆ. ಅಂದು ಅಜ್ಜನ ಸೇರು ನಮ್ಮ ನೆರವಿಗೆ ಬಾರದು. ಇಂದು ತಕ್ಕಡಿ ಹಿಡಿದಿರುವ ನಮ್ಮ ಕೈಯೇ ಮಾತನಾಡಲಿದೆ.