ಎಲ್ಲೆಯರಿಯದ ಕೀಟವೂ ಎಲ್ಲರ ಹಣವೂ

ಹೊಲದ ಒಡೆತನಕ್ಕೆ ಎಲ್ಲೆಯುಂಟು. ಹೊಲದಲ್ಲಿ ಹುಟ್ಟುವ ಕೇಡಿಗೆ ಎಲ್ಲೆಯಿಲ್ಲ. ಬದುವಿನ ಈಚೆ ಒಬ್ಬನ ಸ್ವತ್ತು, ಆಚೆ ಮತ್ತೊಬ್ಬನ ಸ್ವತ್ತು ಎಂದು ಮನುಷ್ಯನು ಪತ್ರದಲ್ಲಿ ಬರೆದುಕೊಂಡಿದ್ದಾನೆ. ಕಳೆಯ ಬೀಜವಾಗಲಿ ಕೀಟದ ಮರಿಯಾಗಲಿ ಆ ಪತ್ರವನ್ನು ಓದಿಲ್ಲ. ಪರಸ್ಥಳದಿಂದ ಬಂದ ಜೀವಿಯೊಂದು ಒಬ್ಬನ ನೆಲದಲ್ಲಿ ನೆಲೆಯೂರಿ ಊರಿಗೆಲ್ಲ ಹಬ್ಬುವಾಗ ಅದನ್ನು ತಡೆಯುವ ವೆಚ್ಚವನ್ನು ಯಾರು ಹೊರಬೇಕು? ಸಾರ್ವಜನಿಕರ ಬೊಕ್ಕಸದಿಂದ ನೆಲದ ಒಡೆಯನಿಗೆ ಸಹಾಯಧನ ದೊರೆತರೆ ಅವನು ಅದನ್ನು ಯಾವ ಭಾವದಿಂದ ಸ್ವೀಕರಿಸಬೇಕು? ಇವೆರಡಕ್ಕಿಂತಲೂ ಕಠಿಣವಾದುದು ಮತ್ತೊಂದು ಪ್ರಶ್ನೆ: ದಯೆಯನ್ನು ಧರ್ಮದ ಬುಡವೆಂದು ನಂಬಿದ ಗೃಹಸ್ಥನು ಜೀವಿಗಳನ್ನು ಕೊಲ್ಲುವುದಕ್ಕೆಂದು ಕೊಟ್ಟ ಹಣಕ್ಕೆ ಕೈಯೊಡ್ಡಬಹುದೆ?

ಶಿಡ್ಲಘಟ್ಟದ ಸೀಮೆಯವರಿಗೆ ಇದು ಬರಿಯ ತರ್ಕದ ಮಾತಲ್ಲ. ಹೊಳೆಯಿಲ್ಲದ ಆ ಬಯಲಿನಲ್ಲಿ ಕೊಳವೆ ಬಾವಿಯ ನೀರನ್ನು ಹನಿಹನಿಯಾಗಿ ಉಣಿಸಿ ಹಿಪ್ಪುನೇರಳೆ ಬೆಳೆಯುತ್ತಾರೆ. ಹುಳುವಿಗೆ ಜ್ವರ ಬಂದು ಬಿಡುವವರೆಗೆ ಕಾದು, ನಾಲ್ಕು ಜ್ವರ ಕಳೆದ ಮೇಲೆ ಹಗಲಿರುಳು ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಹೀಗೆ ಮಗುವಿನಂತೆ ಸಾಕಿದ ಹುಳುವಿಗೆ ಶತ್ರುವಾಗಿ ಬಂದುದು ಊಜಿ ನೊಣ. ಬಂಗಾಳದ ಕಡೆ ಮೊದಲಿನಿಂದಲೂ ಇದ್ದ ಈ ನೊಣವು 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡು ರೇಷ್ಮೆಯ ಸೀಮೆಗಳಿಗೆಲ್ಲ ಹಬ್ಬಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಯು ಒಳಹೊಕ್ಕು ಹುಳುವನ್ನೇ ತಿಂದು ಬೆಳೆಯುತ್ತದೆ. ಹುಳುವಿನ ಮೈಮೇಲಿನ ಆ ಕಪ್ಪು ಕಲೆಯನ್ನು ಗುರುತಿಸದ ಸಾಕಣೆದಾರನಿಲ್ಲ.

ಈ ನೊಣವು ತಾನಾಗಿ ದೇಶ ದಾಟಿ ಬಂದುದಲ್ಲ. ಸೋಂಕಿದ ಗೂಡುಗಳೊಡನೆ ಮನುಷ್ಯನ ವ್ಯಾಪಾರವೇ ಅದನ್ನು ಹೊತ್ತು ತಂದಿತು. ಪರಸ್ಥಳದಿಂದ ಬಂದು ಕೇಡು ಮಾಡುವ ಜೀವಿಗಳಲ್ಲಿ ಬಹುಪಾಲಿನ ಕಥೆ ಇದೇ. ಅದು ತನ್ನ ಹೊಟ್ಟೆಯ ಧರ್ಮವನ್ನು ನಡೆಸುತ್ತದೆ; ಅದಕ್ಕೆ ಪಾಪವಿಲ್ಲ. ತಪ್ಪೆಂಬುದೊಂದು ಇದ್ದರೆ ಅದು ತಂದವನ ಅಜಾಗರೂಕತೆಯದು. ಈ ವಿವೇಕವಿಲ್ಲದೆ ನೊಣವನ್ನು ದುಷ್ಟವೆಂದು ಬಯ್ದು ಕೊಲ್ಲುವವನು ತನ್ನ ಕುಲದ ತಪ್ಪನ್ನು ಮೂಕಪ್ರಾಣಿಯ ತಲೆಗೆ ಕಟ್ಟುತ್ತಾನೆ.

ಹಾಗಾದರೆ ಸುಮ್ಮನಿರುವುದೇ ದಯೆಯೇ? ಅದೂ ಅಲ್ಲ. ಸಾಲ ಮಾಡಿ ಚಾಕಿ ತಂದವನ ಒಂದು ಬೆಳೆ ಹೋದರೆ ಅವನ ಮನೆಯ ಒಲೆ ಆರುತ್ತದೆ. ಅಲ್ಲಿಗೂ ಮುಗಿಯದೆ, ಅವನ ಮನೆಯಲ್ಲಿ ಬೆಳೆದ ನೊಣ ನೆರೆಮನೆಗೆ ಹಾರುತ್ತದೆ. ತನ್ನ ಮನೆಯ ಕೇಡನ್ನು ಅಹಿಂಸೆಯ ಹೆಸರಿನಲ್ಲಿ ನೆರೆಯವನ ಮನೆಗೆ ಕಳುಹಿಸುವುದು ದಯೆಯಾಗಲಾರದು. ಅದು ಸೋಮಾರಿತನಕ್ಕೆ ತೊಡಿಸಿದ ಕಾವಿ. ಇನ್ನೊಂದು ಸತ್ಯವನ್ನೂ ಮರೆಮಾಚಲಾಗದು. ನೊಣದಿಂದ ಕಾಪಾಡಿದ ಆ ಹುಳುವು ಗೂಡು ಕಟ್ಟಿದ ಮೇಲೆ ಕೋಶಾವಸ್ಥೆಯಲ್ಲಿ ಆವಿಗೂ ಬಿಸಿನೀರಿಗೂ ಆಹುತಿಯಾಗುವುದು. ರೇಷ್ಮೆಯನ್ನು ಬೆಳೆಯುವವನಾಗಲಿ ಉಡುವವನಾಗಲಿ ತನ್ನ ಕೈ ಶುದ್ಧವೆಂದು ಹೇಳಿಕೊಳ್ಳುವಂತಿಲ್ಲ. ಬದುಕಿನಲ್ಲಿ ಹಿಂಸೆ ಪೂರ್ಣವಾಗಿ ತಪ್ಪದು ಎಂಬ ಈ ಅರಿವು ಹಿಂಸೆಗೆ ಪರವಾನಗಿಯಲ್ಲ. ಅಗತ್ಯಕ್ಕಿಂತ ಒಂದು ಜೀವವೂ ಹೆಚ್ಚಾಗಿ ಹೋಗದಂತೆ ಎಚ್ಚರವಿರಬೇಕೆಂಬ ಕಟ್ಟಳೆ.

ಈ ಎಚ್ಚರಕ್ಕೆ ಹಣದ ವಿಧಾನವೂ ಸೇರಿದೆ. ಇದಕ್ಕೆ ದೂರದ ನಿದರ್ಶನವೊಂದುಂಟು. ನಮ್ಮ ನಾಡಿನಲ್ಲಿ ಶ್ರೀರಾಮನ ಬೆರಳ ಗುರುತನ್ನು ಹೊತ್ತ ಅಳಿಲು ಮಕ್ಕಳಿಗೂ ಪ್ರಿಯವಾದ ಪ್ರಾಣಿ. ಇಂಗ್ಲೆಂಡಿನಲ್ಲಿಯಾದರೋ ಅಮೆರಿಕದ ಬೂದು ಅಳಿಲುಗಳನ್ನು 1876ರಲ್ಲಿ ಸಿರಿವಂತರ ಉದ್ಯಾನದ ಅಲಂಕಾರಕ್ಕೆಂದು ತಂದು ಬಿಟ್ಟರು. ಅವು ಬೆಳೆದು ಹಬ್ಬಿ, ಎಳೆಮರಗಳ ತೊಗಟೆಯನ್ನು ಸುಲಿದು ಕಾಡನ್ನು ಕೆಡಿಸಿದುವು. ತಮಗೆ ಬಾಧಿಸದ ಸಿಡುಬಿನಂಥ ರೋಗವೊಂದನ್ನು ಹರಡಿ ಅಲ್ಲಿಯ ಕೆಂಪು ಅಳಿಲುಗಳ ಅಳಿವಿಗೆ ಕಾರಣವಾದುವು. 1953ರಿಂದ 1958ರವರೆಗೆ ಅಲ್ಲಿಯ ಸರ್ಕಾರವು ಕೊಂದು ತಂದ ಒಂದೊಂದು ಬಾಲಕ್ಕೂ ಇಷ್ಟೆಂದು ಹಣ ಕೊಟ್ಟಿತು. ಬಾಲಗಳ ರಾಶಿ ಬಿದ್ದಿತು. ಅಳಿಲುಗಳ ಹಾವಳಿ ನಿಲ್ಲಲಿಲ್ಲ. ಬಾಲಕ್ಕೆ ಬೆಲೆ ಕಟ್ಟಿದೆಡೆಯಲ್ಲಿ ಅಳಿಲು ಮುಗಿಯದಿರುವುದೇ ಬೇಟೆಗಾರನಿಗೆ ಲಾಭವಲ್ಲವೆ? ಈಚಿನ ವರ್ಷಗಳಲ್ಲಿ ಅಲ್ಲಿ ಬಾಲವನ್ನೆಣಿಸದೆ, ಯೋಜನೆಯಂತೆ ಕಾಡನ್ನು ಕಾಯುವ ಒಡೆಯನಿಗೆ ನೆಲದ ವಿಸ್ತೀರ್ಣದ ಮೇಲೆ ಸಹಾಯಧನ ಕೊಡುವ ಕ್ರಮ ಬಂದಿದೆ. ಕೊಲ್ಲದೆ ಸಂತಾನವನ್ನು ತಡೆಯುವ ಔಷಧದ ಸಂಶೋಧನೆಯೂ ನಡೆದಿದೆ. ಸಾವಿಗೆ ಕೊಟ್ಟ ಹಣ ಸಾವನ್ನು ಹೆಚ್ಚಿಸಿತು. ಉಳಿಸುವುದಕ್ಕೆ ಕೊಡುವ ಹಣ ಉಳಿವಿನ ದಾರಿಯನ್ನು ಹುಡುಕುತ್ತದೆ.

ಇಂತಹ ದಾರಿಯೊಂದು ಕನ್ನಡ ನಾಡಿನಲ್ಲಿಯೂ ದೊರೆತಿತು. ಮೆಕ್ಸಿಕೋ ಮೂಲದ ಪಪ್ಪಾಯ ಹಿಟ್ಟು ತಿಗಣೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಕರ್ನಾಟಕದ ಹಿಪ್ಪುನೇರಳೆ ತೋಟಗಳಿಗೂ ಬಂದಿತು. ಬಿಳಿಯ ಹಿಟ್ಟು ಬಳಿದಂತೆ ಎಲೆಗೂ ಕುಡಿಗೂ ಅಂಟಿ ರಸ ಹೀರುವ ಈ ಕೀಟಕ್ಕೆ ವಿಷ ಸಿಂಪಡಿಸಿದರೆ, ಆ ಸೊಪ್ಪನ್ನು ತಿಂದ ರೇಷ್ಮೆ ಹುಳುವೇ ಸಾಯುವ ಭಯ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿ, ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಬೇರೆ ಉಪಕಾರಿ ಜೀವಿಗಳಿಗೆ ಅಪಾಯವಿಲ್ಲವೆಂದು ಕಂಡ ಬಳಿಕ ತೋಟಗಳಿಗೆ ಬಿಟ್ಟರು. ಆ ಕಣಜವು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದರ ಸಂತತಿಯನ್ನು ಅಡಗಿಸಿತು. ಅಲ್ಲಿಯೂ ಸಾವುಂಟು, ನಿಜ. ಆದರೆ ಜೇನುಹುಳುವೂ ನೀರೂ ಸೊಪ್ಪು ಕುಯ್ಯುವ ಹೆಂಗಸಿನ ಉಸಿರೂ ವಿಷವಾಗಲಿಲ್ಲ. ಒಬ್ಬನ ತೋಟದಲ್ಲಿ ಬಿಟ್ಟ ಕಣಜ ಬದುವನ್ನು ದಾಟಿ ಬಡವನ ಹಿತ್ತಿಲಿನ ಪರಂಗಿ ಗಿಡಕ್ಕೂ ಹೋಯಿತು. ಕೇಡಿನಂತೆ ಪರಿಹಾರವೂ ಎಲ್ಲೆಯನ್ನರಿಯಲಿಲ್ಲ.

ಇಲ್ಲಿಂದ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಹುಳು ಸಾಕುವ ಮನೆಗೆ, ಹನಿ ನೀರಾವರಿಗೆ, ಸೋಂಕು ನಿವಾರಕಕ್ಕೆ ಸರ್ಕಾರವು ಸಹಾಯಧನ ಕೊಡುವುದುಂಟು. ನೆಲವಿಲ್ಲದವನು ಆಕ್ಷೇಪಿಸಬಹುದು: ಬೆಂಕಿಪೆಟ್ಟಿಗೆಗೂ ದುಡ್ಡು ತೆರುವ ಕೂಲಿಯವನ ಪಾಲೂ ಬೊಕ್ಕಸದಲ್ಲಿರುವಾಗ, ತೋಟವಿರುವವನ ತೋಟವನ್ನು ಕಾಯಲು ಅದನ್ನೇಕೆ ಬಳಸಬೇಕು? ಆಕ್ಷೇಪವು ನ್ಯಾಯವಾದುದು, ಅದನ್ನು ಕೇಳಿದವನು ಸಿಡುಕಬಾರದು. ಅದಕ್ಕಿರುವ ಸಮಾಧಾನ ಒಂದೇ. ಬಿಸಿನೀರಿನ ಮುಂದೆ ನಿಂತು ಗೂಡಿನ ಎಳೆ ಬಿಚ್ಚುವ ಕೂಲಿಯವಳ ಅನ್ನವೂ ಅದೇ ಸೊಪ್ಪಿನಿಂದ ಹುಟ್ಟುತ್ತದೆ. ಆದುದರಿಂದ ಆ ಹಣವು ಅವಳದೂ ಹೌದು. ಒಡೆಯನು ಅದನ್ನು ಪಡೆಯುವವನಲ್ಲ, ಹಿಡಿದು ನಡೆಸುವವನು.

ಈ ಭಾವವಿದ್ದರೆ ಆಚಾರವೂ ಬದಲಾಗುತ್ತದೆ. ಹಿಟ್ಟು ತಿಗಣೆಯು ಬದುವಿನ ಪಾರ್ಥೇನಿಯಂ ಕಳೆಯ ಮೇಲೆಯೂ ಬಾಳುತ್ತದೆ. ಸಹಾಯಧನ ಪಡೆದು ತನ್ನ ಸಾಲುಗಳನ್ನು ಮಾತ್ರ ಶುಚಿಮಾಡಿ, ಬದುವಿನ ಕಳೆಯನ್ನು ‘ಅದು ನನ್ನದಲ್ಲ’ ಎಂದು ಬಿಟ್ಟವನು ಊರಿಗೆ ಸಾಲಗಾರ. ಕೆಲಸವನ್ನು ಕಾಗದದ ಮೇಲೆ ತೋರಿಸಿ ಹಣ ತಿಂದವನ ಮಾತಂತೂ ಹೇಳಬೇಕಾದುದಿಲ್ಲ. ಅವನಿಗಿಂತ ಊಜಿ ನೊಣವೇ ಮೇಲು, ಅದು ಹಸಿವಿಗಾಗಿ ಮಾತ್ರ ತಿನ್ನುತ್ತದೆ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದುದಲ್ಲ, ಬೇಡಿದುದಲ್ಲ, ನೆಲಕ್ಕೆ ಬಿದ್ದುದು. ಆದರೂ ಅಗತ್ಯವನ್ನು ಮೀರಿದೊಡನೆ ಅದು ಪರರದಾಯಿತು. ಸಹಾಯಧನಕ್ಕೆ ಇದಕ್ಕಿಂತ ನೇರವಾದ ಅಳತೆಗೋಲು ದೊರೆಯದು. ಬೇಕಾದಷ್ಟನ್ನು ಪಡೆಯಲು ನಾಚಬೇಕಾಗಿಲ್ಲ. ಬೇಡವಾದುದನ್ನು ಮನೆಗೆ ತರಲು ನಾಚಬೇಕು.

ಕೊಲ್ಲುವ ವಿಷಯದಲ್ಲಿಯೂ ಇದೇ ಅಳತೆ. ಕಿಟಕಿಗೆ ಬಲೆ ಕಟ್ಟಿ ನೊಣವನ್ನು ಹೊರಗಿಡಬಹುದಾದಲ್ಲಿ ಕೊಲ್ಲಬಾರದು. ಕೊಲ್ಲಲೇಬೇಕಾದಲ್ಲಿ ಕೇಡಿನ ಜೀವಿಯ ಹೊರತು ಮತ್ತೊಂದಕ್ಕೆ ತಾಗಬಾರದು. ಗೂಡುಗಳನ್ನೂ ಸಸಿಗಳನ್ನೂ ಪರೀಕ್ಷಿಸದೆ ಊರಿಂದೂರಿಗೆ ಸಾಗಿಸಬಾರದು. ಏಕೆಂದರೆ ಬಾರದಂತೆ ತಡೆದ ಒಂದು ಕೀಟವು ಮುಂದೆ ಕೊಲ್ಲಬೇಕಾಗಿದ್ದ ಲಕ್ಷ ಕೀಟಗಳ ಪ್ರಾಣವನ್ನು ಉಳಿಸುತ್ತದೆ. ಬೊಕ್ಕಸದ ಹಣವನ್ನು ಮೊದಲು ಈ ತಡೆಗೆ, ಬಳಿಕ ಮೃದುವಾದ ಉಪಾಯಕ್ಕೆ, ಕೊನೆಗೆ ಮಾತ್ರ ಕೊಲೆಗೆ ವೆಚ್ಚಮಾಡುವ ಕ್ರಮವೇ ದಯೆಗೂ ಲೆಕ್ಕಕ್ಕೂ ಒಪ್ಪುವ ಕ್ರಮ. ಆ ಕ್ರಮದಲ್ಲಿ ನಡೆದ ಬೇಸಾಯಗಾರನು ತನ್ನ ಸೊಪ್ಪನ್ನು ಉಳಿಸಿಕೊಳ್ಳುವುದರ ಜೊತೆಗೆ ನೆರೆಯವನ ಸೊಪ್ಪನ್ನೂ ಉಳಿಸಿರುತ್ತಾನೆ. ಅಂಥವನ ಕಾಯಕದಲ್ಲಿ ದಾಸೋಹವು ತಾನಾಗಿ ಕೂಡಿರುತ್ತದೆ.