ಬಾವಿ ತುಂಬಿರುವಾಗಲೇ ವ್ರತ



ನಮ್ಮ ಜೈನರ ದಶಲಕ್ಷಣ ಪರ್ವದಲ್ಲಿ ಇಂದು ಉತ್ತಮ ಸಂಯಮದ ದಿನ. ಭಾದ್ರಪದದ ಮಳೆಗೆ ಬೆಳಗಾವಿ ಬಳಿಯ ನಮ್ಮ ದೇಸೂರ ಸುತ್ತಲಿನ ಗದ್ದೆಗಳು ತುಂಬಿ ನಿಂತಿವೆ, ಬಾವಿಯ ನೀರು ಮೇಲೆ ಬಂದಿದೆ. ನೀರಿನ ಸಂಯಮದ ಮಾತಿಗೆ ಇದೇ ತಕ್ಕ ಸಮಯ. ಬಾವಿ ಬತ್ತಿದ ಮೇಲೆ ಹಿಡಿಯುವ ವ್ರತಕ್ಕೆ ಪುಣ್ಯವೆಲ್ಲಿಯದು?

ನಮ್ಮ ಹಿರಿಯರು ನೀರು ಸೋಸುತ್ತಿದ್ದ ಬಗೆ ನೆನೆಯಿರಿ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುವುದು. ಆಮೇಲೆ ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ಜಾಲಿಸಿ, ಅದರಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಬಿಡುವುದು. ಬೇರೆ ಬಾವಿಗೆ ಹಾಕುವಂತಿಲ್ಲ. ಒಂದು ಕೊಡ ನೀರಿಗೆ ಇಷ್ಟು ಎಚ್ಚರ ವಹಿಸಿದ ಮನೆತನದವರಾದ ನಾವು ಇಂದು ಬೋರಿನ ಸ್ವಿಚ್ ಒತ್ತಿ, ಕರೆಂಟು ಹೋಗುವ ತನಕ ಹಾಗೇ ಬಿಟ್ಟಿರುತ್ತೇವೆ.

ಕೊಡದಿದ್ದುದನ್ನು ತೆಗೆದುಕೊಳ್ಳುವುದು ಕಳವು. ಆದರೆ ಎಲ್ಲರೂ ಬಳಸುವ ಬಾವಿಯ ನೀರನ್ನು, ಮಣ್ಣನ್ನು ಕೇಳದೆ ತೆಗೆದುಕೊಂಡರೆ ಗೃಹಸ್ಥನಿಗೆ ಆ ದೋಷ ತಟ್ಟದು ಎಂದು ಶ್ರಾವಕಾಚಾರ ಸಡಿಲಿಕೆ ಕೊಟ್ಟಿದೆ. ಅದು ಹಗ್ಗ, ಕೊಡಗಳ ಕಾಲಕ್ಕೆ ಕೊಟ್ಟ ಸಡಿಲಿಕೆ. ನೂರಾರು ಅಡಿ ಆಳದಿಂದ, ಪಕ್ಕದ ಹೊಲದ ಕೆಳಗಿನ ಬಿರುಕಿನ ನೀರನ್ನೂ ಎಳೆಯುವ ಮೋಟರಿಗೆ ಅದು ಸಲ್ಲುತ್ತದೆಂದು ನನಗೆ ಅನಿಸುವುದಿಲ್ಲ.

ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲೂಕಿನಲ್ಲೇ. ನಮಗೆಲ್ಲಿಯ ಬರ ಎನ್ನುವವರಿದ್ದಾರೆ. ಆದರೆ ನಮ್ಮ ಕೆಂಪು ಮುರಕಲ್ಲು ಮಳೆಯನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಕೆಳಗಿನ ಕರಿಕಲ್ಲು ಬಿರುಕುಗಳಲ್ಲಿ ಹಿಡಿದಷ್ಟೇ ಹಿಡಿಯಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು.

ಒಂದು ಲೆಕ್ಕ ಹೇಳುತ್ತೇನೆ, ಮನೆಗೆ ಹೋಗಿ ನೀವೂ ಮಾಡಿ ನೋಡಿ. ಎಕರೆಗೆ 1,000 ಮಿಲಿಮೀಟರ್ ಮಳೆ ಎಂದರೆ ಸುಮಾರು 40 ಲಕ್ಷ ಲೀಟರ್. ಇಂಥ ಗಟ್ಟಿ ಕಲ್ಲಿನ ನೆಲದಲ್ಲಿ ಅಂತರ್ಜಲಕ್ಕೆ ಸೇರುವುದು ಉದಾರವಾಗಿ ಹಿಡಿದರೂ ಹತ್ತರಲ್ಲೊಂದು ಪಾಲು, 4 ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಅದು 20 ಜನರಿಗೆ ವರ್ಷದ ನೀರು. ಎಕರೆ ಕಬ್ಬಿಗೆ ಬೇಕಾದದ್ದು ಸುಮಾರು 80 ಲಕ್ಷ ಲೀಟರ್. ಅರ್ಧ ಮಳೆಯೇ ಕೊಟ್ಟಿತೆನ್ನೋಣ. ಉಳಿದ 40 ಲಕ್ಷಕ್ಕೆ ಹತ್ತು ಎಕರೆಯಲ್ಲಿ ಇಂಗಿದ ನೀರೆಲ್ಲ ಬೇಕು. ಮಳೆ ಕೈಕೊಟ್ಟ ವರ್ಷ ಇಂಗುವುದು ಕಡಿಮೆಯಾಗುತ್ತದೆ, ಎತ್ತುವುದು ಹೆಚ್ಚುತ್ತದೆ. ಬಾವಿ ಬತ್ತುವುದು ಇಲ್ಲೇ.

ನೀರಿನ ಲೆಕ್ಕ ಮುಂಚೆಯೇ ಹಾಕುವುದು ನಮ್ಮ ಕಡೆಗೆ ಹೊಸದಲ್ಲ. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬರುವ ಜನರ ನೀರಿಗೆಂದು ಬೆಳಗಾವಿಯ ಟಿಳಕವಾಡಿಯಲ್ಲಿ ಮೊದಲೇ ಬಾವಿ ತೋಡಿದ್ದರು. ಎಷ್ಟು ಬೇಕೆಂದು ಮುಂಚೆಯೇ ಯೋಚಿಸಿದವರ ಕೆಲಸವದು. ಆ ಕಾಂಗ್ರೆಸ್ ಬಾವಿ ಇಂದಿಗೂ ಇದೆ.

ಹೀಗೆ ಮುಂಚೆಯೇ ಮಿತಿ ಹಾಕಿಕೊಳ್ಳುವ ದಾರಿಯನ್ನು ನಮಗೆ ಆಚಾರ್ಯರೇ ತೋರಿಸಿದ್ದಾರೆ. ದಿಗ್ವ್ರತ ನಮ್ಮ ಓಡಾಟಕ್ಕೆ ಬಾಳಿಡೀ ಹಾಕಿಕೊಳ್ಳುವ ಮಿತಿ. ದೇಶವ್ರತ ಆ ಮಿತಿಯನ್ನು ಇಷ್ಟು ದಿನ, ಇಷ್ಟು ತಿಂಗಳು ಎಂದು ಇನ್ನೂ ಕಿರಿದು ಮಾಡಿಕೊಳ್ಳುವುದು. ನೀರಿಗೂ ಹೀಗೆ ಎರಡು ಮಿತಿ ಇರಲಿ. ಒಳ್ಳೆಯ ಮಳೆಯ ವರ್ಷಕ್ಕೊಂದು: ಇಂಗಿದ್ದಕ್ಕಿಂತ ಹೆಚ್ಚು ಎತ್ತೆವು. ಬರದ ವರ್ಷಕ್ಕೊಂದು: ಜನ, ದನಕರುಗಳಿಗೆ ಮೊದಲು, ಆಮೇಲೆ ಜೋಳ, ಕಡಲೆಯಂಥ ಬೆಳೆ, ಹೊಸ ಕಬ್ಬಿಲ್ಲ. ಬರದ ಮಿತಿಯನ್ನು ಬರದಲ್ಲಿ ಗೊತ್ತುಮಾಡಲು ಹೋದರೆ ಜಗಳವೇ ಆಗುತ್ತದೆ. ಈಗ ಮನಸ್ಸು ತಣ್ಣಗಿದೆ, ಮಾಡಿಬಿಡಿ.

ದೀಪಾವಳಿಯ ಹೊತ್ತಿಗೆ ನಿಮ್ಮ ನಿಮ್ಮ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ, ನೀರು ಎಷ್ಟು ಅಡಿ ಕೆಳಗಿದೆ ಎಂದು ಬರೆದಿಡಿ. ಮೇ ತಿಂಗಳಲ್ಲಿ ಮತ್ತೆ ಅಳೆಯಿರಿ. ಆ ಲೆಕ್ಕವನ್ನು ಗ್ರಾಮಸಭೆಗೆ ಒಯ್ಯಿರಿ. ನಮ್ಮ ಸಮಾಜದ ರೈತರು ಈ ಸಲ ಕಬ್ಬು ನಾಟಿಗೆ ಮುಂಚೆ ಎಷ್ಟು ಎಕರೆ ಎಂದು ಕೂಡಿ ಗೊತ್ತುಮಾಡಿ, ಆ ಒಪ್ಪಂದಕ್ಕೆ ಮೊದಲ ಸಹಿ ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ.